ಮೂರನೆಯ ರೊಟ್ಟಿ ಪದಕ

ಅಪರೂಪದ ಚಿನ್ನದ ಪದಕ ಸಂಗ್ರಹಿಸುವವರಲ್ಲಿ ಇಡೀ ಗದಗ-ಬೆಟಗೇರಿಗೆ ನಾನೇ ಚಕ್ರವರ್ತಿನಿ! ಗಂಡಸರ ಕುಸ್ತಿ, ಓಟದ ಪದಕಗಳನ್ನು ನಾನು ಮೂಸಿಯೂ ನೋಡುವುದಿಲ್ಲ. ಹೆಣ್ಣಿನ ದುಡಿಮೆಗೆ ಸಂದದ್ದು ಮಾತ್ರ ಬೇಕು. ಅಂಥವು ಇರುವುದು ಮೂರೇ. ಮೂವತ್ತೈದು ವರ್ಷದ ಹಿಂದೆ ಲಕ್ಷ್ಮೇಶ್ವರದ ಮಹಿಳಾ ಮಂಡಳವೊಂದು ಜೋಳದ ರೊಟ್ಟಿ ಬಡಿಯುವ ಸ್ಪರ್ಧೆಗೆ ಮೂರು ವರ್ಷ ಬಂಗಾರದ ಪದಕ ಕೊಟ್ಟು, ನಾಲ್ಕನೆಯ ವರ್ಷ ಸ್ಟೀಲ್ ಡಬ್ಬಿಗೆ ಇಳಿದಿತ್ತು.

ಮೊದಲನೆಯದು ಶಿರಹಟ್ಟಿಯಲ್ಲಿ ಸಿಕ್ಕಿತು. ಎರಡನೆಯದು ಲಕ್ಷ್ಮೇಶ್ವರದ ಅಕ್ಕಸಾಲಿಗರೊಬ್ಬರ ಬಳಿ ಇತ್ತು. ಬಂಗಾರಕ್ಕೆ ಬಂಗಾರವೇ ಬೇಕೆಂದರು. ತಾಳಿಯ ಎರಡು ಗುಂಡು ಬಿಚ್ಚಿ ಕೊಟ್ಟೆ. ನನ್ನ ಯಜಮಾನರು ನಂದೀಶ ಬೆವರಿದರು.

"ಅವ್ವಗ ಗೊತ್ತಾದ್ರ ಏನ್ ಹೇಳ್ತಿ?"

"ಇತಿಹಾಸದ ಮುಂದ ಎರಡು ಗುಂಡು ಯಾವ ಲೆಕ್ಕರೀ!"

ಉಳಿದದ್ದು ಮೂರನೆಯದು. ಮಂಡಳದ ದಾಖಲೆ ಗೆದ್ದಲು ತಿಂದಿತ್ತು. ಗೆದ್ದವಳ ಹೆಸರು ಸಿಗಲಿಲ್ಲ. ಬರುವ ಭಾನುವಾರವೇ ನನ್ನ ಪದಕಗಳ ಪ್ರದರ್ಶನ. ಮಖಮಲ್ಲಿನ ಪೆಟ್ಟಿಗೆಯಲ್ಲಿ ಮೂರು ಗುಳಿ, ಒಂದು ಖಾಲಿ! ಅದನ್ನು ತುಂಬಲು ದಿನವೂ ಬಸ್ಸು ಹತ್ತಿದೆ. ದಿನವೂ ಅತ್ತೆ ಗದಿಗೆವ್ವ ನಸುಕಿನಲ್ಲೆದ್ದು ಬುತ್ತಿ ಕಟ್ಟಿದರು.

ಮುಂಡರಗಿ ಬಸ್ಸಿನಲ್ಲಿ ಪಕ್ಕದ ಹೆಂಗಸಿಗೆ ಒಂದು ರೊಟ್ಟಿ ಕೊಟ್ಟೆ.

"ಎವ್ವಾ, ಕಾಗದದ ಹಾಳಿಗಿಂತ ತೆಳ್ಳಗೈತಲ್ಲ! ಯಾರ್ ಬಡದಾರ್ರೀ?"

"ನಮ್ಮತ್ತಿ. ಮನ್ಯಾಗ ಖಾಲಿ ಕುಂತಿರ್ತಾರಲ್ರಿ," ಎಂದು, ಹೆಣ್ಣಿನ ದುಡಿಮೆಯನ್ನು ಕಾಣದ ಈ ಸಮಾಜದ ಮೇಲೆ ಮುಂಡರಗಿ ಬರುವವರೆಗೂ ಭಾಷಣ ಬಿಗಿದೆ.

ಶನಿವಾರ ಸಂಜೆ ಬರಿಗೈಯಲ್ಲಿ ಮರಳಿ, ಪೆಟ್ಟಿಗೆ ತೆರೆದು ಕುಳಿತೆ. ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಗ್ಗಿ ನೋಡಿದರು.

"ಒಂದು ತಿಪ್ಪವ್ವಂದು, ಒಂದು ಚನ್ನಮ್ಮಂದು. ನಂದು ಮೂರನೇ ವರ್ಷದ್ದು."

ನಾನು ಎದ್ದೇ ನಿಂತೆ. "ಅತ್ತೀ! ನಿಮ್ದು ಎಲ್ಲೈತ್ರಿ?"

"ನಿನ್ನ ಕೊಳ್ಳಾಗ. ನಿಮ್ಮ ಲಗ್ನದಾಗ ಅದನ್ನ ಕರಗಿಸೇ ನಿನ್ನ ತಾಳಿಗೆ ಎರಡು ಗುಂಡು ಮಾಡಿಸಿದ್ನಲ್ಲ."

ಸೆರಗು ಎಳೆದುಕೊಂಡೆ. ತಡವಾಗಿತ್ತು. ಅತ್ತೆಯ ಕಣ್ಣು ಬರೀ ಕರಿಮಣಿಯ ಮೇಲೆ ನಿಂತಿತ್ತು. ನಂದೀಶರಿಗೆ ಥಟ್ಟನೆ ಹಿತ್ತಲಿನಲ್ಲಿ ಕೆಲಸ ನೆನಪಾಯಿತು!

ಅಕ್ಕಸಾಲಿಗರಿಗೆ ಫೋನ್ ಮಾಡಿದೆ. "ಅವು ಆಗಲೇ ಯಾರದೋ ಕಿವಿಯಾಗ ಜುಮುಕಿ ಆಗ್ಯಾವ್ರಿ ಅಕ್ಕಾರ," ಎಂದರು.

ಅತ್ತೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಇಷ್ಟು ದಿನ ಹುಡುಕಿದೆ. ಒಂದು ಮಾತು ಯಾಕ ಹೇಳಲಿಲ್ರಿ?"

"ನೀ ಕೇಳಿದ್ದೇನು? ಬುತ್ತಿ ಆತೇನ್ರಿ, ಅಷ್ಟ."

ಆ ಸಂಜೆ ಅತ್ತೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ನಾನೇ ಕುಳಿತೆ. ನಾದಿದೆ, ಬಡಿದೆ. ಹೆಣ್ಣಿನ ದುಡಿಮೆಯ ಮಹಾ ಸಂಶೋಧಕಿಯ ರೊಟ್ಟಿ ಹಂಚು ಮುಟ್ಟುವ ಮೊದಲೇ ಮೂರು ತುಂಡಾಯಿತು! ಬೇಯಿಸಿದ ಒಂದು ತುಂಡನ್ನು ಅತ್ತೆ ಬಹಳ ಹೊತ್ತು ಅಗಿದರು. ಆಮೇಲೆ ತೀರ್ಪುಗಾರರ ಗಾಂಭೀರ್ಯದಿಂದ ಹೇಳಿದರು:

"ಇದಕ್ಕ ನಾಲ್ಕನೇ ವರ್ಷದ ಸ್ಟೀಲ್ ಡಬ್ಬೀನೂ ಸಿಗೂದಿಲ್ಲವ್ವ."