ಚಿಗವ್ವನ ಕಾರಿಗೆ ಜ್ವರ ಬಂದದ್ದು

ನಮ್ಮ ಚಿಗವ್ವನ ಎದುರಿಗೆ ಆರೋಗ್ಯವಾಗಿ ಕೂಡುವುದು ಬಹಳ ಕಷ್ಟದ ಕೆಲಸ. ನೀವು ಬರೀ ಚಹಾ ಕುಡಿಯಲು ಹೋಗಿರುತ್ತೀರಿ. ಕಪ್ಪು ಕೊಡುವ ನೆಪದಲ್ಲಿ ಅವಳು ನಿಮ್ಮ ಉಗುರು ನೋಡಿರುತ್ತಾಳೆ. ಸಕ್ಕರೆ ಸಾಕೇ ಎಂದು ಕೇಳುತ್ತಲೇ ಕಣ್ಣಿನ ಕೆಳರೆಪ್ಪೆ ಎಳೆದಿರುತ್ತಾಳೆ. ಕಪ್ಪು ಖಾಲಿಯಾಗುವ ಹೊತ್ತಿಗೆ ನಿಮಗೆ ರಕ್ತ ಕಡಿಮೆ, ನಿದ್ದೆ ಕಡಿಮೆ, ಬುದ್ಧಿಯೂ ಕೊಂಚ ಕಡಿಮೆ ಎಂಬುದು ತೀರ್ಮಾನವಾಗಿರುತ್ತದೆ!

ಅವಳು ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ನಿವೃತ್ತಿ ಆಸ್ಪತ್ರೆಯಿಂದ ಮಾತ್ರ, ರೋಗಿಗಳಿಂದಲ್ಲ ಎಂದು ಅವಳ ತಿಳಿವಳಿಕೆ. ನನಗೆ ಹೆಣ್ಣು ನೋಡಲು ಹೋದಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಇವಳು ಹುಡುಗಿಯ ಅಪ್ಪನ ಪಾದ ನೋಡುತ್ತಿದ್ದಳು.

"ಅಣ್ಣಾರ, ಕಾಲು ಬಾತಾವಲ್ರಿ. ಬಿಪಿ ನೋಡಿಸೀರೇನು?"

ಆ ಸಂಬಂಧ ಕುದುರಲಿಲ್ಲ. ಆದರೆ ಆ ಮನುಷ್ಯ ಈಗಲೂ ಆಗಾಗ ಚಿಗವ್ವನಿಗೆ ಫೋನ್ ಮಾಡಿ ತನ್ನ ಬಿಪಿ ಹೇಳುತ್ತಾನೆ. ಬಿಪಿಯೋ, ಸಕ್ಕರೆಯೋ? ಈ ವಿಷಯದಲ್ಲಿ ನನ್ನ ನೆನಪಿಗೂ ನನ್ನ ಅವ್ವನ ನೆನಪಿಗೂ ಜಗಳವಿದೆ. ಮುಂದೆ ಬರೆಯುವುದನ್ನೂ ನೀವು ಅಷ್ಟೇ ಎಚ್ಚರದಿಂದ ಓದಬೇಕು.

ಇಂಥವಳ ಕಾರಿಗೆ ಕಾಯಿಲೆ ಬಂದರೆ ಏನಾಗಬೇಡ?

ಕಾರು ಅವಳು ನಿವೃತ್ತಿಯ ನಂತರ ಕೊಂಡದ್ದು. ಅದಾಗಲೇ ಒಬ್ಬರ ಕೈಯಲ್ಲಿ ಹಣ್ಣಾಗಿದ್ದ ಪುಟ್ಟ ಬಿಳಿ ಪೆಟ್ರೋಲ್ ಕಾರು. ಮೊಣಕಾಲು ಹಿಡಿದುಕೊಂಡು ಬಸ್ಸಿನ ಮೆಟ್ಟಿಲು ಹತ್ತುವುದು ಆಗದೆ, ಆ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತಳು. ಕಲಿತದ್ದು ಒಂದೇ ಕಾರಣಕ್ಕೆ. ಪ್ರತಿ ರವಿವಾರ ಶಹಾಪುರದಿಂದ ಸುರಪುರಕ್ಕೆ ಹೋಗಬೇಕು. ಅಲ್ಲಿ ಅವಳ ಗೆಳತಿ ಇದ್ದಾಳೆ. ಆಕೆಯೂ ನರ್ಸ್. ಇಬ್ಬರೂ ಒಂದೇ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವರು. ಈಗ ಆಕೆಗೆ ಮರೆವಿನ ಕಾಯಿಲೆ. ತಮ್ಮನ ಮನೆಯಲ್ಲಿರುತ್ತಾಳೆ. ಚಿಗವ್ವ ಹೋದ ದಿನ ಮಾತ್ರ ಆಕೆ ನೆಮ್ಮದಿಯಿಂದ ಮಲಗುತ್ತಾಳಂತೆ. ಹೋಗಿ ಏನು ಮಾಡುತ್ತಾಳೆ ಎಂದು ನಾನು ಕೇಳಿರಲಿಲ್ಲ. ಚಿಗವ್ವನಿಗೆ ಪ್ರಶ್ನೆ ಕೇಳಿದರೆ ನಮ್ಮ ನಾಲಿಗೆ ಹೊರಗೆ ಚಾಚಿಸಿ ನೋಡುತ್ತಾಳೆ ಎಂಬ ಭಯ.

ಒಂದು ರವಿವಾರ ಕಾರಿನಲ್ಲಿ ಹಳದಿ ದೀಪ ಹತ್ತಿತು. ಸ್ಟೇರಿಂಗ್ ಹಿಂದೆ ಒಂದು ಸಣ್ಣ ಚಿತ್ರ. ಎಂಜಿನ್ನಿನ ಚಿತ್ರವಂತೆ ಅದು. ಆಮೇಲೆ ನೋಡಿದಾಗ ನನಗೆ ನಲ್ಲಿಯ ಹಾಗೆ ಕಂಡಿತು. ಚಿಗವ್ವನಿಗೆ ಹೊಟ್ಟೆಯ ಹಾಗೆ. ದೀಪ ಹತ್ತಿದ್ದಷ್ಟೇ ಆಗಿದ್ದರೆ ಸರಿ. ರಸ್ತೆ ಉಬ್ಬು ಬಂದಾಗ, ಎಮ್ಮೆ ಅಡ್ಡ ಬಂದಾಗ, ವೇಗ ತಗ್ಗಿಸಿದರೆ ಸಾಕು, ಕಾರು ಬಿಕ್ಕಳಿಸಿ ನಿಂತುಬಿಡುತ್ತಿತ್ತು. ಆ ರಸ್ತೆಯಲ್ಲಿ ಉಬ್ಬುಗಳಿಗೂ ಎಮ್ಮೆಗಳಿಗೂ ಬರವೇ? ಅರ್ಧ ದಾರಿಯಲ್ಲಿ ಸೋತು ವಾಪಸು ಬಂದಳು. ಸಂಜೆ ಗೆಳತಿಯ ತಮ್ಮನ ಹೆಂಡತಿ ಫೋನ್ ಮಾಡಿದಳು.

"ಅಕ್ಕಾರ, ನೀವು ಬರ್ಲಿಲ್ಲ. ನಿಮ್ಮ ಗೆಳತಿ ಮುಂಜಾನಿಂದ ಕುರ್ಚಿ ಬಿಟ್ಟು ಏಳವಲ್ರು. ಊಟನೂ ಮಾಡಿಲ್ರಿ."

ಮರುದಿನ ಸುದ್ದಿ ತಿಳಿದು ನಾನು ಯಾದಗಿರಿಯಿಂದ ಬಂದಾಗ ಚಿಗವ್ವ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದಳು.

"ಬಾಡಿಗೆ ಕಾರು ಮಾಡಿಕೊಂಡು ಹೋಗಬಹುದಲ್ಲ?" ಎಂದೆ.

"ಬಾಡಿಗಿ ಡ್ರೈವರ್ ಗಡಿಯಾರ ನೋಡ್ತಾನ. ಹಾರ್ನ್ ಹೊಡಿತಾನ. ಆಕಿ ಗಾಬರಿ ಬೀಳ್ತಾಳ."

"ನನ್ನ ಬೈಕಿನ ಮೇಲೆ ಬರುತ್ತೀಯಾ?"

"ನಿನ್ನ ಬೈಕ್ ಮ್ಯಾಲ ಕುಂತರ ನನಗ ಬ್ಯಾರೆ ನರ್ಸ್ ಬೇಕಾಗ್ತಾಳ. ಸುಮ್ ನಿಂದರು, ಜ್ವರ ನೋಡಾಕತ್ತೀನಿ."

ಎದುರಿನ ಕಿರಾಣಿ ಅಂಗಡಿಯ ಸಾಹುಕಾರರು ಅಷ್ಟರಲ್ಲಿ ಬಂದರು. ಅವರ ಕಾರಿನಲ್ಲಿಯೂ ಇಂಥ ದೀಪ ಬಹಳ ದಿನದಿಂದ ಉರಿಯುತ್ತಿತ್ತಂತೆ. ಉಪಾಯ ಬಹಳ ಸರಳ ಎಂದರು.

"ಅದರ ಮ್ಯಾಲ ಹಣಿಗಿ ಹಚ್ಕೊಳ್ಳೋ ಒಂದು ಟಿಕಳಿ ಹಚ್ಚಿಬಿಡ್ರಿ ಸಿಸ್ಟರ್. ನಾ ಹಚ್ಚೀನಿ. ಕಾಣೂದೇ ಇಲ್ಲ."

"ಥರ್ಮಾಮೀಟರ್ ಒಡದ್ರ ಜ್ವರ ಬಿಡ್ತಾವೇನ್ರೀ ಸಾಹುಕಾರ್ರ? ನಿಮ್ಮ ಗಾಡಿ ಎಲ್ಲಿ ಅದ ಈಗ?"

"ಗ್ಯಾರೇಜಿನ್ಯಾಗ," ಎಂದರು ಸಾಹುಕಾರರು, ಮೆಲ್ಲಗೆ.

ನಮ್ಮದೂ ಗ್ಯಾರೇಜಿಗೆ ಹೋಯಿತು. ಅಲ್ಲಿಯ ಉಸ್ತಾದರು ಕೈಯಗಲದ ಯಂತ್ರವೊಂದನ್ನು ಕಾರಿಗೆ ಜೋಡಿಸಿ ಅದರ ಪರದೆ ನೋಡಿದರು. ನಾವೂ ನೋಡಿದೆವು. ಒಂದು ಸಂಕೇತ ಮೂಡಿತ್ತು.

"ಎಂಜಿನ್‌ನ್ಯಾಗ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತ ಹೇಳಾಕತ್ತದ್ರಿ," ಎಂದರು.

"ಅಂದ್ರ ಗ್ಯಾಸ್ ಆಗ್ಯಾದ," ಎಂದಳು ಚಿಗವ್ವ. "ಎಲ್ಲಿಂದ ಗಾಳಿ ಹೊಕ್ಕದ?"

"ಅದು ಹೇಳಂಗಿಲ್ರಿ ಇದು."

"ಹೊಟ್ಟಿ ಬ್ಯಾನಿ ಅಂತದ, ಎಲ್ಲಿ ಅಂತ ಹೇಳಂಗಿಲ್ಲ. ನನ್ನ ಪೇಷಂಟ್‌ಗಳು ಹಿಂಗೇ ಇದ್ರು."

ಉಸ್ತಾದರು ಮೊದಲು ಗಾಳಿ ಅಳೆಯುವ ಸೆನ್ಸರ್ ಬದಲಿಸಿದರು. ದೀಪ ಆರಿತು. ನಾವು ಭೀಮರಾಯನಗುಡಿಯ ಕಡೆಗೆ ಒಂದು ಸುತ್ತು ಹೋಗಿ ಸಂತೋಷದಿಂದ ತಿರುಗಿ ಬರುವಾಗ ಮತ್ತೆ ಹತ್ತಿತು. ಪ್ಲಗ್ ಬದಲಿಸಿದರು. ಆರಿತು, ಹತ್ತಿತು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದರು. ಈ ಸಲ ಆರುವ ಶ್ರಮವನ್ನೂ ಅದು ತೆಗೆದುಕೊಳ್ಳಲಿಲ್ಲ. ನಾನು ಫೋನಿನಲ್ಲಿ ಓದಿದೆ. ಓದಿದ ಮೇಲೆ ತಿಳಿದದ್ದೇನೆಂದರೆ, ತಪ್ಪು ಇಲ್ಲಿರಬಹುದು, ಅಲ್ಲಿರಬಹುದು, ಎರಡೂ ಕಡೆ ಇರಬಹುದು, ಎಲ್ಲಿಯೂ ಇಲ್ಲದೆ ದೀಪವೇ ತಪ್ಪಿರಬಹುದು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡುವಾಗಲೂ ನಾನು ಇಷ್ಟು ಗೊಂದಲಕ್ಕೆ ಬಿದ್ದಿರಲಿಲ್ಲ. ಆ ವಾರದ ನನ್ನ ದಿನಚರಿಯಲ್ಲಿ ಒಂದೇ ವಾಕ್ಯವಿದೆ: 'ದೀಪ ಮತ್ತೆ ಹತ್ತಿತು.' ಅದನ್ನು ಬರೆದದ್ದು ಮಂಗಳವಾರವೋ ಬುಧವಾರವೋ, ಈಗ ಖಚಿತವಿಲ್ಲ. ಎರಡೂ ದಿನ ನಿಜವಾಗಿತ್ತು.

ರವಿವಾರ ಹತ್ತಿರ ಬರುತ್ತಿತ್ತು. ಸುರಪುರದಿಂದ ದಿನವೂ ಫೋನ್. ಗೆಳತಿ ಈಗ ರಾತ್ರಿಯೂ ಕುರ್ಚಿಯಲ್ಲೇ ಕೂಡುತ್ತಿದ್ದಳಂತೆ.

ಗುರುವಾರ ಚಿಗವ್ವ ಗ್ಯಾರೇಜಿಗೆ ಸ್ಟೆಥಸ್ಕೋಪ್ ತಂದಳು.

ಉಸ್ತಾದರು ನಗಲಿಲ್ಲ. ನಗುವಷ್ಟು ಧೈರ್ಯ ಅವರಿಗೆ ಉಳಿದಿರಲಿಲ್ಲ. ಅಂದು ಬೆಳಿಗ್ಗೆಯೇ ಚಿಗವ್ವ ಅವರ ರೆಪ್ಪೆ ಎಳೆದು ನೋಡಿದ್ದಳು. ಎಂಜಿನ್ ಚಾಲೂ ಮಾಡಿಸಿ, ಸೆರಗು ಸೊಂಟಕ್ಕೆ ಸಿಗಿಸಿ, ಚಿಗವ್ವ ಎಂಜಿನ್ನಿನ ಎದೆ, ಬೆನ್ನು, ಪಕ್ಕೆಗಳನ್ನೆಲ್ಲ ಆಲಿಸಿದಳು. ಗಾಳಿ ಸೋರುವಲ್ಲಿ ಸುಂಯ್ ಅನ್ನಬೇಕು, ಅದು ಅವಳ ವಾದ. ವಾದ ಸರಿಯಾಗಿಯೇ ಇತ್ತು. ಎಲ್ಲ ಕಡೆಯೂ ಸುಂಯ್ ಅನ್ನುತ್ತಿದ್ದುದು ತೊಂದರೆ. ಕೊನೆಗೆ ಬಲಗಡೆಯ ಒಂದು ಡಬ್ಬಿಯ ಮೇಲೆ ಬೆರಳಿಟ್ಟು, "ಇಲ್ಲೇ ಅದ, ಬಿಚ್ರಿ," ಎಂದಳು.

"ಅಕ್ಕಾ, ಅದು ಬ್ಯಾಟರಿ ಚಾರ್ಜ್ ಮಾಡೂದ್ರಿ. ಅದಕ್ಕೂ ಗಾಳಿಗೂ ಸಂಬಂಧ ಇಲ್ಲ."

"ಈಗಿಲ್ಲ. ಮುಂದ ಬರ್ತದ," ಎಂದಳು ಚಿಗವ್ವ. ಅವಳ ರೋಗನಿರ್ಣಯಗಳು ತಪ್ಪುವುದಿಲ್ಲ, ಕೆಲವು ತಡವಾಗಿ ನಿಜವಾಗುತ್ತವೆ ಅಷ್ಟೇ.

ನಾನೂ ಒಮ್ಮೆ ಕೇಳುತ್ತೇನೆಂದು ಸ್ಟೆಥಸ್ಕೋಪ್ ತೆಗೆದುಕೊಂಡೆ. ಡಬ್ ಡಬ್ ಎಂದು ಸ್ಪಷ್ಟವಾಗಿ ಕೇಳಿಸಿತು. "ಸಿಕ್ಕಿತು," ಎಂದು ಕೂಗಿದೆ. ಉಸ್ತಾದರು ಓಡಿ ಬಂದರು. ಅದರ ಬಿಲ್ಲೆ ನನ್ನ ಎದೆಯ ಮೇಲೆಯೇ ಇತ್ತು.

"ಎಂಎ ಮಾಡ್ಯಾನ್ರಿ ನಮ್ಮ ಹುಡುಗ," ಎಂದಳು ಚಿಗವ್ವ ಉಸ್ತಾದರಿಗೆ. "ಜೀವಂತ ಅದಾನ ಅಂತ ಗೊತ್ತಾತು. ಅದೂ ಛಲೋನ ಆತು."

ಆ ಹೊತ್ತಿಗೆ ಲೋಬಾನದ ಬಾಬಾ ಬಂದರು. ಪ್ರತಿ ಗುರುವಾರ ಸಂಜೆ ಅಂಗಡಿ ಅಂಗಡಿಗೆ ಹೋಗಿ ಕೆಂಡದ ಮೇಲೆ ಲೋಬಾನದ ಪುಡಿ ಉದುರಿಸಿ ಹೊಗೆ ಹಾಕುವವರು. ಗಲ್ಲಾಪೆಟ್ಟಿಗೆಗೆ ಹಾಕಿದರು, ಸ್ಪ್ಯಾನರ್, ಔಜಾರಿನ ಪೆಟ್ಟಿಗೆಗೆ ಹಾಕಿದರು. ಎಲ್ಲರೂ ಬಾಯಿ ತೆರೆದು ಎಂಜಿನ್ ನೋಡುತ್ತ ನಿಂತಿದ್ದನ್ನು ಕಂಡು, ಇದಕ್ಕೇ ಹೆಚ್ಚು ಅಗತ್ಯವಿದೆ ಎನಿಸಿರಬೇಕು, ನವಿಲುಗರಿಯಿಂದ ಬೀಸಿ ಬಾನೆಟ್ಟಿನೊಳಗೂ ಹಾಕಿದರು. ಹೊಗೆ ಎಂಜಿನ್ನಿನ ಮೇಲೆ ಹರಡಿ ಮೇಲೇರಿತು. ಒಂದು ಎಳೆ ಮಾತ್ರ ಏರಲಿಲ್ಲ. ಅದು ತಿರುಗಿ, ಬಾಗಿ, ಒಂದು ರಬ್ಬರ್ ಕೊಳವೆಯ ಅಡಿಗೆ ಹೋಗಿ ಮಾಯವಾಯಿತು.

"ಬಾಬಾ, ಇನ್ನೊಮ್ಮಿ ಹಾಕ್ರಿ," ಎಂದರು ಉಸ್ತಾದರು.

ಇನ್ನೊಮ್ಮೆಯೂ ಹಾಗೆಯೇ. ಎಂಜಿನ್ ಅಲ್ಲಿಂದ ಹೊಗೆ ಕುಡಿಯುತ್ತಿತ್ತು. ಅಂದರೆ ಗಾಳಿಯನ್ನೂ ಅಲ್ಲಿಂದಲೇ ಕುಡಿಯುತ್ತಿತ್ತು. ಉಸ್ತಾದರು ಎಂಜಿನ್ ಆರಿಸಿ, ಕೊಳವೆಯ ಅಡಿಗೆ ಕೈ ಹಾಕಿ ತಡಕಿದರು. ಅವರ ಮುಖದಲ್ಲಿ ಅನುಮಾನ ಮೂಡಿತು. ಇಕ್ಕಳದಿಂದ ಏನನ್ನೋ ಕತ್ತರಿಸಿ ಹೊರತೆಗೆದರು. ತಾಮ್ರದ ತಂತಿ. ಅದಕ್ಕೊಂದು ತಾಯತ. ತಂತಿ ಬಿಗಿದಿದ್ದ ಜಾಗದಲ್ಲಿ ರಬ್ಬರ್ ಸವೆದು, ಬಾಯಿ ಬಿಟ್ಟಂತೆ ಸೀಳಿತ್ತು.

"ಇದನ್ನ ಯಾರ್ ಕಟ್ಟ್ಯಾರ್ರಿ?"

ನಾನು ಚಿಗವ್ವನನ್ನು ನೋಡಿದೆ. ಚಿಗವ್ವ ಊರ ಹೊರಗಿನ ಗುಡ್ಡವನ್ನು ನೋಡುತ್ತಿದ್ದಳು, ಅದನ್ನು ಮೊದಲ ಸಲ ಕಂಡವಳ ಹಾಗೆ.

ಇವಳು ಯಾರೆಂದು ನಿಮಗೆ ಹೇಳಬೇಕು. ಹೆರಿಗೆ ವಾರ್ಡಿನಲ್ಲಿ ಕೂಸುಗಳ ಮುಂಗೈಗೆ, ಸೊಂಟಕ್ಕೆ ಬಿಗಿಯಾಗಿ ಕಟ್ಟಿದ ತಾಯತದ ದಾರಗಳನ್ನು ಕತ್ತರಿಯಿಂದ ಕತ್ತರಿಸುತ್ತ, ಅಜ್ಜಿಯರನ್ನು ಬೈಯುತ್ತ ಆಯುಷ್ಯ ಕಳೆದವಳು. ಅಂಥವಳು ಕೊಡೇಕಲ್ಲಿನ ಮಠಕ್ಕೆ ಹೋಗಿ ತಾಯತ ತಂದು, ಬಾನೆಟ್ ಎತ್ತಿ, ಬಾಗಿದ ಆ ಕೊಳವೆಯೇ ಎಂಜಿನ್ನಿನ ಕೊರಳು ಎಂದು ನಿರ್ಧರಿಸಿ ಕಟ್ಟಿಬಿಟ್ಟಿದ್ದಳು!

"ದಾರ ಆದ್ರ ಹರೀತದ ಅಂತ ತಂತೀಲೇ ಕಟ್ಟಿದ್ದೆ," ಎಂದಳು ಗುಡ್ಡಕ್ಕೇ.

"ಅಷ್ಟು ಬಿಗಿ ಯಾಕ್ರಿ ಅಕ್ಕಾ?"

"ದಾರ್ಯಾಗ ಬೀಳಬಾರ್ದಲ್ಲ. ಗಾಡಿ ದಾರ್ಯಾಗ ನಿಂತ್ರ ಆಕಿ ಬಲ್ಲಿ ಯಾರು ಹೋಗ್ತಾರ?"

ಉಸ್ತಾದರು ಹೊಸ ಕೊಳವೆ ಹಾಕಿದರು. ತಾಯತವನ್ನು ಒರೆಸಿ ಅವಳ ಕೈಗೆ ಕೊಟ್ಟರು.

ರವಿವಾರ ನಾನೂ ಜೊತೆಗೆ ಹೋದೆ. ದೀಪ ಹತ್ತಲಿಲ್ಲ. ಚಿಗವ್ವ ಪ್ರತಿ ಉಬ್ಬಿನಲ್ಲಿಯೂ ಉಸಿರು ಹಿಡಿದಳು, ಕಾರು ಹಿಡಿಯಲಿಲ್ಲ.

ಗೆಳತಿ ಪಡಸಾಲೆಯ ಕುರ್ಚಿಯಲ್ಲಿ ಕುಳಿತಿದ್ದಳು. ಬಿಳಿ ಸೀರೆ, ಹೆಗಲಿಗೆ ಪಿನ್ನು, ಮಡಿಲಲ್ಲಿ ಎರಡೂ ಕೈ. ಕಣ್ಣು ಕೆಂಪಾಗಿದ್ದವು. ಚಿಗವ್ವನನ್ನು ನೋಡಿದಳು. ಗುರುತು ಹಿಡಿಯಲಿಲ್ಲ ಎಂದು ನನಗನಿಸಿತು. ಚಿಗವ್ವ ತನ್ನ ಹೆಸರು ಹೇಳಿಯಾಳು ಎಂದುಕೊಂಡೆ. ಹೇಳಲಿಲ್ಲ. ಚಪ್ಪಲಿ ಬಿಟ್ಟು, ನೆಟ್ಟಗೆ ನಿಂತು ಹೇಳಿದಳು:

"ಸಿಸ್ಟರ್, ನಿಮ್ಮ ಡ್ಯೂಟಿ ಮುಗೀತು. ವಾರ್ಡಿನ ಚಾರ್ಜ್ ತಗೊಳ್ಳಾಕ ಬಂದೀನ್ರಿ."

ಆಕೆಯ ಭುಜ ಒಮ್ಮೆಲೇ ಇಳಿಯಿತು.

"ಎಷ್ಟೊತ್ತವ್ವಾ. ಯಾರೂ ಬರ್ಲೇ ಇಲ್ಲ. ನಾ ಹ್ಯಾಂಗ ಬಿಟ್ಟು ಹೋಗ್ಲಿ?"

"ತಡ ಆತ್ರಿ. ಹೇಳ್ರಿ."

"ಕಿಡಕಿ ಬಲ್ಲಿ ಕೂಸಿಗಿ ಜ್ವರ ಇಳದಾವ. ಮೂಲಿ ಬೆಡ್ಡಿನಾಕಿ ಭಾಳ ನರಳಾಕತ್ಯಾಳ. ನೀರು ಕೇಳ್ತಾಳ. ಕುಡಿಯಾಕ ಕೊಡಬ್ಯಾಡ, ತುಟಿ ಅಷ್ಟೇ ತೋಯಿಸು."

"ಆತ್ರಿ."

"ಒಬ್ಬಾಕಿನೇ ನೋಡ್ಕೋತೀಯೇನು?"

"ನೋಡ್ಕೋತೀನ್ರಿ. ನೀವು ಹೋಗಿ ಮಲಕೋರಿ."

ಯಾರ ರೋಗವನ್ನೂ ಪೂರ್ತಿ ಕೇಳುವ ತಾಳ್ಮೆಯಿಲ್ಲದ ಚಿಗವ್ವ ಒಂದು ಮಾತಿಗೂ ಅಡ್ಡ ಬಾಯಿ ಹಾಕದೆ ಕೇಳಿದ್ದಳು. ಗೆಳತಿ ಎದ್ದು, ಗೋಡೆ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಚಿಗವ್ವ ಆ ಕುರ್ಚಿಯಲ್ಲಿ, ಅದೇ ರೀತಿ ಕೈ ಮಡಿಲಲ್ಲಿಟ್ಟುಕೊಂಡು ಕುಳಿತಳು. ಪಡಸಾಲೆಯಲ್ಲಿ ನಾವಿಬ್ಬರು ಬಿಟ್ಟರೆ ಒಂದು ಜೋಳದ ಚೀಲವಿತ್ತು, ಗೋಡೆಗೆ ಒರಗಿಸಿದ ಒಂದು ಸೈಕಲ್ಲಿತ್ತು. ಬಹಳ ಹೊತ್ತು ಕಾದು ನಾನು ಕೇಳಿದೆ:

"ಅವರು ಮಲಗಿದರಲ್ಲ ಚಿಗವ್ವ, ಇನ್ನು ಹೋಗೋಣವೇ?"

ಅವಳು ನನ್ನ ಕಡೆ ತಿರುಗಲಿಲ್ಲ.

"ಮೆಲ್ಲಗ ಮಾತಾಡು," ಎಂದಳು. "ಮೂಲಿ ಬೆಡ್ಡಿನಾಕಿಗಿ ಈಗರ ಒಂದೀಟು ನಿದ್ದಿ ಹತ್ತಾಕತ್ತದ."