ಆರು ಕಾರ್ಬನ್ನಿನ ಚೇರ್

ಸಾವಯವ ರಸಾಯನಶಾಸ್ತ್ರ ಕಲಿಯುವವರಿಗೆ ಪರೀಕ್ಷೆ ವರ್ಷಕ್ಕೆರಡು ಸಲ, ಕಲಿಸುವವನಿಗೆ ದಿನವೂ. ಬೆಳಿಗ್ಗೆ ವಿಭೂತಿ ಹಚ್ಚಿಕೊಳ್ಳುವಾಗಲೇ, "ಶಿವನೇ, ಇವತ್ತು ನನ್ನ ನಾಲಿಗೆ ಕಾಯಪ್ಪ" ಎಂದು ಬೇಡಿಕೊಂಡು ಹೊರಡುತ್ತೇನೆ. ಅವನು ಕಾಯುತ್ತಾನೆ. ಆದರೆ ನಾಲಿಗೆ ಜಾರುವ ಸಂದರ್ಭಗಳನ್ನು ಒದಗಿಸುವವನೂ ಅವನೇ.

ಈ ಸಲ ಒದಗಿಸಿದ್ದು ಬಾಗಲಕೋಟೆ ಕಡೆಯ ಒಬ್ಬ ಹುಡುಗಿಯನ್ನು. ನಾಗರಬಾವಿಯ ಪೀಜಿಯಲ್ಲಿದ್ದಳು. ಎಂ.ಎಸ್ಸಿ. ಸೀಟು ಸಿಕ್ಕಿತ್ತು, ಆದರೆ ಬಿ.ಎಸ್ಸಿ.ಯ ಪ್ರಾಕ್ಟಿಕಲ್ ಒಂದು ಬಾಕಿ. ವೈವಾದಲ್ಲಿ ಆರು ಕಾರ್ಬನ್ನಿನ ಉಂಗುರ ಬರೆಯಲಾಗದೆ ಅಳುತ್ತಾ ಎದ್ದು ಬಂದಿದ್ದಳು. ಈ ಸಲವೂ ಹೋದರೆ ಸೀಟೂ ಹೋಯಿತು.

ಆ ಉಂಗುರ ಚಪ್ಪಟೆಯಲ್ಲ. ಒಂದು ತುದಿ ಮೇಲಕ್ಕೆ, ಇನ್ನೊಂದು ಕೆಳಕ್ಕೆ ಮಡಚಿಕೊಂಡು ಆರಾಮಕುರ್ಚಿಯ ಹಾಗಿರುತ್ತದೆ. ಅದಕ್ಕೇ 'ಚೇರ್' ಎಂಬ ಹೆಸರು. ಅವಳು ಬರೆದರೆ ಯಾರೋ ತುಳಿದ ಚಪ್ಪಲಿಯ ಹಾಗೆ ಕಾಣುತ್ತಿತ್ತು.

ಮಗುಚು

ಈ ಚೇರ್ ತನ್ನಷ್ಟಕ್ಕೆ ಮಗುಚಿಕೊಳ್ಳುತ್ತದೆ. ಮೇಲಿದ್ದ ತುದಿ ಕೆಳಗೆ, ಕೆಳಗಿದ್ದದ್ದು ಮೇಲೆ. ಒಂದು ಗಂಟೆ ಗಂಟಲು ಹರಿದುಕೊಂಡು ವಿವರಿಸಿ, "ಎಲ್ಲಿ, ಈಗ ಮಗುಚಮ್ಮ" ಅಂದೆ.

ಭಕ್ತಿಯಿಂದ ಹಾಳೆ ಮಗುಚಿದಳು. ಆಚೆ ಬದಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಸರ್, ಈ ಕಡಿ ಏನೂ ಇಲ್ರೀ."

ನೆಟ್ಟಗೆ

ಭಾನುವಾರ ವಿಜಯನಗರದ ನಮ್ಮ ಮನೆಗೇ ಬರಹೇಳಿದೆ. ಎದುರುಬದುರಿನ ಗೆರೆಗಳು ಸಮಾನಾಂತರ ಇರಬೇಕು ಎಂದು ತಿದ್ದೀ ತಿದ್ದೀ ನನ್ನ ಜಪದ ಹೊತ್ತೂ ಮೀರಿತು. ಕೊನೆಗೆ ಅವಳ ಉಂಗುರ ಬಾಗಬೇಕಾದ ಕಡೆ ಬಾಗಿತು. ನಾನು ಕಣ್ಣು ಮುಚ್ಚಿ ಶಿವನಿಗೆ ಕೈ ಮುಗಿದೆ.

ಕಣ್ಣು ಬಿಡುವಷ್ಟರಲ್ಲಿ ಕಾಫಿ ತಂದ ನನ್ನ ಹೆಂಡತಿ ಆ ಚಿತ್ರ ಅಳಿಸಿ, ಆರು ಚುಕ್ಕಿ ಇಟ್ಟು, ಅಚ್ಚುಕಟ್ಟಾದ ಚಪ್ಪಟೆ ಷಟ್ಕೋನ ಬರೆದು ಮುಗಿಸಿದ್ದಳು.

"ಪಾಪ, ಮಗೂದು ಸೊಟ್ಟ ಆಗಿತ್ತೂರೀ. ನೀವು ಕಣ್ಮುಚ್ಕೊಂಡು ಕೂತ್ರೆ ಆಗತ್ತಾ?"

ಆಕ್ಸಿಯಲಮ್ಮ

ಉಂಗುರದ ಒಂದೊಂದು ಮೂಲೆಯಿಂದಲೂ ಒಂದು ನೇರ ಗೆರೆ ಹೊರಡಬೇಕು: ಒಂದು ಮೇಲಕ್ಕೆ, ಮುಂದಿನದು ಕೆಳಕ್ಕೆ. ಅದೇ ಆಕ್ಸಿಯಲ್ ಬಂಧ. ಮರುದಿನ ಅತ್ತಿಗುಪ್ಪೆ ಮೆಟ್ರೋ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕ ಅವಳು, "ಸರ್, ಮತ್ತ ಮರ್ತೆರೀ" ಅಂದಳು. ನನಗೆ ಅಳುವೇ ಬಂತು. ಬ್ಯಾಗು ಕೆಳಗಿಟ್ಟು, ಒಂದು ಕೈ ಮೇಲೆತ್ತಿ, ಒಂದು ಕೈ ಕೆಳಗೆ ಚಾಚಿ, "ಮೇಲೆ! ಕೆಳಗೆ! ಮೇಲೆ! ಕೆಳಗೆ!" ಎನ್ನುತ್ತಾ ಒಂದು ಸುತ್ತು ತಿರುಗಿದೆ. ಹಣೆಯ ತುಂಬ ವಿಭೂತಿ ಬೇರೆ.

ಬೆಂಚಿನ ಮೇಲಿದ್ದ ಅಜ್ಜಿಯೊಬ್ಬರು ಎದ್ದು ಕೈ ಮುಗಿದರು. "ಯಾವ ದೇವ್ರಪ್ಪ ಮೈಮೇಲೆ ಬಂದಿರೋದು?"

ದೇವರ ವಿಷಯದಲ್ಲಿ ಸುಳ್ಳು ಹೇಳಲಾರೆ. "ದೇವ್ರಲ್ಲ ಅಜ್ಜಿ, ಆಕ್ಸಿಯಲ್ಲು" ಅಂದೆ.

ಅಜ್ಜಿ ಕೆನ್ನೆ ಬಡಿದುಕೊಂಡರು. "ಆಕ್ಸಿಯಲಮ್ಮನಾ? ಗುಡಿ ಬ್ಯಾಡರಹಳ್ಳಿ ಕಡೆ ಬರತ್ತಾ?"

ವೈವಾ

ಆ ದಿನ ಬಂತು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ಸಿಡುಕಿನವರೆಂದು ಹೆಸರಾದವರು. ಪಕ್ಕದಲ್ಲಿ ಒಳಪರೀಕ್ಷಕನಾಗಿ ನಾನು, ಆದರೆ ಬಾಯಿ ಬಿಡುವ ಹಾಗಿಲ್ಲ. ಹುಡುಗಿ ಒಳಗೆ ಬಂದಳು. ಅವರು ತಲೆ ಎತ್ತದೆ, "ಹೂಂ, ಚೇರ್ ತಗೊಳ್ಳಮ್ಮ" ಅಂದರು.

ಅವಳು ನೆಟ್ಟಗೆ ಬೋರ್ಡಿಗೆ ಹೋಗಿ ಸೀಮೆಸುಣ್ಣ ಹಿಡಿದಳು.

ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಶುರು ಮಾಡಿದೆ. ಗೆರೆಗಳು ಎದುರುಬದುರು ಸಮ ಬಂದವು. ಮೇಲೆ, ಕೆಳಗೆ, ಮೇಲೆ, ಕೆಳಗೆ, ಒಂದೂ ತಪ್ಪಲಿಲ್ಲ. ಕೇಳದೆಯೇ ಪಕ್ಕದಲ್ಲಿ ಮಗುಚಿದ್ದನ್ನೂ ಬರೆದಳು. ಇಷ್ಟು ಸುಂದರವಾಗಿ ನಾನೇ ಯಾವತ್ತೂ ಬರೆದವನಲ್ಲ.

ಪರೀಕ್ಷಕರು ಕನ್ನಡಕ ಏರಿಸಿ ನೋಡಿದರು. ಇನ್ನೊಂದು ಪ್ರಶ್ನೆಯನ್ನೂ ಕೇಳದೆ ಪಾಸಿನ ಅಂಕ ಹಾಕಿದರು. ಆಮೇಲೆ ಮೆಲ್ಲಗೆ ಹೇಳಿದರು:

"ತುಂಬಾ ಚೆನ್ನಾಗಿದೆಯಮ್ಮ. ಆದ್ರೆ ನಾನು ಹೇಳಿದ್ದು ಕೂತ್ಕೊಳ್ಳೋದಕ್ಕೆ."

ಹುಡುಗಿ ಹಣೆಯ ಬೆವರು ಒರೆಸಿಕೊಂಡಳು.

"ಮೊದ್ಲ ಹೇಳ್ಬೇಕಿಲ್ರೀ ಸರ್? ಕುಂತೇ ಬರೀತಿದ್ನಲ್ರೀ!"