ಅಚ್ಚುಕಟ್ಟು ಮಾಡಿದ ಮೇಲೆ ಕೂಗದ ಪೆಟ್ಟಿಗೆ

ಸಂಜೆ ಆರು ಗಂಟೆ ಹತ್ತು ನಿಮಿಷದವರೆಗೆ, ಅಚ್ಚುಕಟ್ಟುತನಕ್ಕಿಂತ ದೊಡ್ಡ ಗುಣ ಲೋಕದಲ್ಲಿಲ್ಲ ಎಂದು ನಾನು ನಂಬಿದ್ದೆ. ಆರು ಹತ್ತಕ್ಕೆ ನಮ್ಮ ಬಾಳೆತೋಟದಲ್ಲಿ ಒಂದು ಆನೆ ನಿಂತಿತ್ತು. ಅದಕ್ಕೆ ಬೆನ್ನು ಹಾಕಿ ನಮ್ಮ ಮಾವ ಬಗ್ಗಿ ನೀರಿನ ಗೇಟ್‌ವಾಲ್ ತಿರುಗಿಸುತ್ತಿದ್ದರು. ಕೂಗಬೇಕಾಗಿದ್ದ ಪೆಟ್ಟಿಗೆ ಬೇಲಿಯ ಕಂಬದ ಮೇಲೆ ಹಸಿರು ದೀಪ ಮಿನುಗಿಸುತ್ತ ತೆಪ್ಪಗಿತ್ತು.

ಪೆಟ್ಟಿಗೆಯ ಕಥೆ ಹೇಳಿಬಿಡುತ್ತೇನೆ. ನಮ್ಮ ಮನೆ ಕಾಡಿನ ಪಕ್ಕದ ಊರು ಭೀಮನಬೀಡಿನ ಅಂಚಿನಲ್ಲಿದೆ. ನಾನು ಗುಂಡ್ಲುಪೇಟೆಯ ಕಾಲೇಜಿನಲ್ಲಿ ವಾಣಿಜ್ಯ ಪಾಠ ಮಾಡುತ್ತೇನೆ, ನನ್ನ ಪತಿ ಮಾದೇಶ್ ಚಾಮರಾಜನಗರದಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಾರೆ. ಆನೆ ಬಂದ ಸದ್ದು ಕೇಳಿಸಿಕೊಂಡು ಸೈರನ್ ಕೂಗುವ ಪುಟ್ಟ ಕಂಪ್ಯೂಟರೊಂದನ್ನು ಅವರು ಆ ಪೆಟ್ಟಿಗೆಯಲ್ಲಿ ಕೂರಿಸಿದ್ದರು. ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಯಾರು ಬೇಕಾದರೂ ಬಿಚ್ಚಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಅದನ್ನು ಕಟ್ಟುವಾಗ ಏನೇನು ಸೇರಬೇಕೆಂದು ಹೇಳುವ ಕಡತವೊಂದಿರುತ್ತದೆ, ಮದುವೆ ಅಡುಗೆಗೆ ಭಟ್ಟರು ಕೊಡುವ ಸಾಮಾನಿನ ಪಟ್ಟಿಯ ಹಾಗೆ. ನಮ್ಮ ಪೆಟ್ಟಿಗೆಗೆ ಬೇಕಾದ ಸಾಲುಗಳನ್ನು ಸೇರಿಸಿ, ಆ ತಿದ್ದುಪಡಿಯನ್ನು, ಅಂದರೆ ಪ್ಯಾಚನ್ನು, ಇವರು ತಂತ್ರಾಂಶ ನೋಡಿಕೊಳ್ಳುವವರಿಗೆ ಕಳಿಸಿದರು. ಯಾವುದೋ ದೇಶದಿಂದ ಉತ್ತರ ಬಂತು: ಕೆಲಸ ಚೆನ್ನಾಗಿದೆ, ಬೇಡದ ಸಾಲುಗಳು ಬಹಳ, ಅಚ್ಚುಕಟ್ಟು ಮಾಡಿ ಕಳಿಸಿ.

ಒದ್ದೆ ಟವೆಲ್ಲನ್ನು ಹಗ್ಗಕ್ಕೆ ಹಾಕದ ಮನುಷ್ಯ ಅಚ್ಚುಕಟ್ಟು ಮಾಡುವುದುಂಟೇ? ನಾನೇ ಪಕ್ಕದಲ್ಲಿ ಕೂತೆ.

"ಶಬ್ದಕ್ಕೆ ಎರಡು ಸಾಲು ಯಾಕ್ರೀ? ಒಂದು ತೆಗೀರಿ."

"ಇರ್ಲಿ ಕಣೇ, ಯಾತಕ್ಕೋ ಹಾಕಿದ್ದೆ."

"ಯಾತಕ್ಕೋ ಅಂತ ಇಟ್ಟು ಇಟ್ಟೇ ನಿಮ್ಮ ಅಟ್ಟ ಹಂಗಾಗಿರೋದು."

ತೆಗೆದರು. ಒಂದು ಸಾಲು ಕೇಳಿಸಿಕೊಳ್ಳುವುದಕ್ಕೆ, ನಾನು ತೆಗೆಸಿದ್ದು ಕೂಗುವುದಕ್ಕೆ ಎಂದು ವಾಣಿಜ್ಯದವಳಿಗೆ ಏನು ಗೊತ್ತು! ಹೊಸದಾಗಿ ಕಟ್ಟಿದ್ದನ್ನು ಪೆಟ್ಟಿಗೆಗೆ ತುಂಬಿ ಪರೀಕ್ಷೆಯನ್ನೂ ಮಾಡಿದೆವು, ಆದರೆ ಸೈರನ್ನಿನ ದನಿ ಇಳಿಸಿಟ್ಟು. ನಮ್ಮೂರಿನಲ್ಲಿ ಅದು ಕೂಗಿದರೆ ಜನ ಎಂಜಲು ಕೈಯಲ್ಲೇ ಪಟಾಕಿ, ತಮಟೆ ಹಿಡಿದು ಓಡಿಬರುತ್ತಾರೆ. ಸುಳ್ಳೇ ಕರೆಸಿದರೆ ಮುಂದಿನ ಸಲ ಯಾರು ಬರುತ್ತಾರೆ? ಪೆಟ್ಟಿಗೆ ನಡೆಯುತ್ತಿದೆ ಎನ್ನುವ ಹಸಿರು ದೀಪ ಹತ್ತಿತು. ಸಾಕೆಂದುಕೊಂಡೆವು.

ಆ ಸಂಜೆ ಮಹಡಿಯಿಂದ "ಮಾವಾ!" ಎಂದು ಕಿರುಚಿದೆ. ಬಾಯಿಂದ ಬರೀ ಗಾಳಿ ಬಂತು. ಎರಡನೆಯ ಸಲ ಒಂದಿಷ್ಟು ಸದ್ದು ಹೊರಟಿತು.

"ಕಾಪಿ ಆರೋದ್ರೆ ಆರೋಗ್ಲಿ ಬುಡವ್ವ, ಬತ್ತೀನಿ!" ಎಂದರು ಮಾವ, ತಲೆ ಎತ್ತದೆ.

ಆನೆ ಒಂದು ಹೆಜ್ಜೆ ಮುಂದೆ ಬಂತು. ಅಷ್ಟರಲ್ಲಿ ನನ್ನ ಕೂಗು ಕೇಳಿ ಹೊರಬಂದ ಅತ್ತೆ, ಆನೆ ಕಂಡದ್ದೇ ತಪ್ಪಲೆಯನ್ನು ಸೌಟಿನಿಂದ ಬಡಿಯುತ್ತ ಹಿತ್ತಲಿಗೆ ಓಡಿದರು. ಆನೆ ಒಂದು ಬಾಳೆಗೊನೆ ಸಮೇತ ಕಾಡಿನ ಕಡೆ ತಿರುಗಿತು. ಮಾವ ಅದನ್ನು ಕಂಡದ್ದು ಆಗಲೇ. ಕಂಡು, ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟರು.

"ಕಳೆ ಕೀಳ್ರಿ ಅಂದ್ರೆ ಪೈರ್ನೇ ಕಿತ್ತಾಕುದ್ರಾ?" ಎಂದರು ಅತ್ತೆ, ವಿಷಯ ತಿಳಿದ ಮೇಲೆ. ಮಾವ ಮಾತ್ರ, "ಬುಡಮ್ಮಿ, ಅದ್ಕೆ ಗೊನೆ ಸಿಕ್ತು, ನಾನ್ ಸಿಕ್ಕನಿಲ್ಲ" ಎಂದು ನಕ್ಕರು. ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಇನ್ನೊಂದು ಲೋಟ ಕೇಳಿದರು.

ಆ ಸಾಲನ್ನು, ಏಕೆ ಬೇಕೆಂಬ ವಿವರಣೆ ಸಮೇತ, ಮರಳಿ ಹಾಕಿ ಪ್ಯಾಚನ್ನು ಮತ್ತೆ ಕಳಿಸಿದೆವು. ಈ ಸಲ ಮನೆಮನೆಗೂ ಹೋಗಿ, "ನಾಳೆ ಬೆಳಿಗ್ಗೆ ಪರೀಕ್ಷೆಗೆ ಕೂಗಿಸ್ತೀವಿ, ಯಾರೂ ಬರಬೇಡಿ" ಎಂದು ಹೇಳಿದೆವು. ನೋಡಲು ಊರಿಗೆ ಊರೇ ಬಂತು. ಪೆಟ್ಟಿಗೆ ಕೂಗಿದ ರಭಸಕ್ಕೆ ಕರುಗಳು ಹಗ್ಗ ಕಿತ್ತವು. ಪ್ಯಾಚ್ ಸೇರಿಸಿಕೊಂಡೆವೆಂದು ಆ ದೇಶದವರೂ ತಿಳಿಸಿದರು.

ನಿದ್ದೆ ಮಾತ್ರ ಬರಲಿಲ್ಲ. ಮೊದಲೆಲ್ಲ ಪೆಟ್ಟಿಗೆ ಸುಮ್ಮನಿದ್ದರೆ ಆನೆಯಿಲ್ಲವೆಂದು ಮಲಗುತ್ತಿದ್ದೆ. ಈಗ ಅದು ಸುಮ್ಮನಿದ್ದರೆ ಆನೆಯೇ ಇಲ್ಲವೋ, ದನಿಯೇ ಇಲ್ಲವೋ? ಕಣ್ಣು ಮುಚ್ಚಿದರೆ ಮಾವನ ಬಗ್ಗಿದ ಬೆನ್ನು, ಅದರ ಹಿಂದೆ ಸೊಂಡಿಲು. ಇವರನ್ನೂ ಎಬ್ಬಿಸಿ ಕೂರಿಸುತ್ತಿದ್ದೆ. ಕೊನೆಗೊಂದು ಗುರುವಾರ ರಾತ್ರಿ ಇಬ್ಬರೂ ಬೆಳಗಿನವರೆಗೆ ಕೊರಡಿನಂತೆ ಮಲಗಿದೆವು. ಎದ್ದು ಹೊರಗೆ ಬಂದು, "ನೋಡಿ ಅತ್ತೆ, ಪೆಟ್ಟಿಗೆ ಮೇಲೆ ನಂಬಿಕೆ ಬಂದ್ಬಿಟ್ಟಿದೆ" ಎಂದೆ.

ಅತ್ತೆ ಗುಡಿಸುವುದನ್ನು ನಿಲ್ಲಿಸಿದರು. ಅಂಗಳದ ತುಂಬ ಪಟಾಕಿಯ ಚೂರು.

"ಅದು ಕೂಗಿ ಕೂಗಿ, ಊರೆಲ್ಲಾ ಎದ್ದು ಆನೆ ಓಡುಸ್ತು ಕಣಮ್ಮಿ. ನಿಮ್ಮಾವ್ನೂ ತಮಟೆ ತಕ್ಕಂಡ್ ಓಗಿದ್ರು. ನಿಮ್ ಬಾಗ್ಲ ಬಡ್ದು ಬಡ್ದು ನನ್ ಕೈ ನೋಯ್ತಾದೆ."